ತೆನೆ ಹಬ್ಬ ನಮಗೆ ಕಲಿಸುವ ಪಾಠ



ಓದು ಮುಗಿಸಿ, ಒಳ್ಳೆಯ ಕೆಲಸ ಹಿಡಿದು, ಕೈತುಂಬ ಸಂಬಳ ಪಡೆಯುವ ಯುವಕರು ಗುರುಗಳ ಬಳಿ ಬಂದು, "ಫಾದರ್, ಇದೆಲ್ಲ ಯಾತಕ್ಕಾಗಿ ಮಾಡುತ್ತಿದ್ದೇನೆ ಎಂದೇ ತಿಳಿಯುತ್ತಿಲ್ಲ" ಎಂದು ಹೇಳುವುದುಂಟು. ಮನೆ ಭೇಟಿಗೆ ಹೋದಾಗ, ಮಕ್ಕಳು ದೂರದ ದೇಶಗಳಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದಿರುವ ವೃದ್ಧ ತಾಯಂದಿರು, "ಇನ್ನು ನಾನು ಯಾರಿಗಾಗಿ ಇರಬೇಕು ಸ್ವಾಮಿ?" ಎಂದು ಕೇಳುತ್ತಾರೆ. ಮಾತು ಬೇರೆ, ಪ್ರಶ್ನೆ ಒಂದೇ. ನನ್ನ ಬದುಕಿಗೆ ಏನು ಅರ್ಥ? ನಾನು ಯಾರವನು, ನಾನು ಯಾರವಳು?

ವಿಯೆನ್ನಾ ನಗರದ ಮನೋವೈದ್ಯರಾದ ವಿಕ್ಟರ್ ಫ್ರಾಂಕಲ್ ಎಂಬವರು ನಾಜಿಗಳ ಸೆರೆ ಶಿಬಿರಗಳಲ್ಲಿ ನರಳಿ ಬದುಕಿ ಬಂದವರು. ತಮ್ಮ ಅನುಭವವನ್ನು ಅವರು 1946ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬದುಕಿನ ಅರ್ಥವನ್ನು ಮನುಷ್ಯ ತನ್ನೊಳಗೇ ಅಗೆದು ತೆಗೆಯಲಾರ. ತನ್ನಿಂದ ಹೊರಗಿರುವ ಒಂದು ಕೆಲಸಕ್ಕೆ, ಒಬ್ಬ ಪ್ರೀತಿಪಾತ್ರ ವ್ಯಕ್ತಿಗೆ ತನ್ನನ್ನು ಒಪ್ಪಿಸಿಕೊಂಡಾಗ ಅದು ಅವನಿಗೆ ಸಿಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ನಮ್ಮ ವಿಶ್ವಾಸವೂ ಇದನ್ನೇ ಹೇಳುತ್ತದೆ, ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಬದುಕಿನ ಅರ್ಥ ನಮಗೆ ಕೈಯಿಂದ ಕೈಗೆ ಬರುತ್ತದೆ. ಒಂದು ಜನ, ಒಂದು ಪರಂಪರೆ, ಒಂದು ನೆಲ, ಈ ಮೂರರ ಮೂಲಕ ದೇವರು ಅದನ್ನು ನಮಗೆ ಕೊಡುತ್ತಾರೆ. ನಾವು ಅದನ್ನು ಪಡೆದು, ಇನ್ನೊಬ್ಬರಿಗೆ ದಾಟಿಸಬೇಕು.

ಇದನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಕಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕ ಕುಟುಂಬಗಳು ಆಚರಿಸುವ ತೆನೆ ಹಬ್ಬವನ್ನು ಗಮನವಿಟ್ಟು ನೋಡಿದರೆ ಸಾಕು.

ಹಬ್ಬದ ದಿನ ನಡೆಯುವುದೇನು?

ಬಯಲುಸೀಮೆಯ ವಾಚಕರಿಗೆ ಈ ಹಬ್ಬದ ಪರಿಚಯ ಕಡಿಮೆ ಇರಬಹುದು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕೊಂಕಣಿಯಲ್ಲಿ ಇದಕ್ಕೆ ಮೊಂತಿ ಫೆಸ್ತ್ ಎಂದೂ, ತುಳುವಿನಲ್ಲಿ ಕುರಲ್ ಪರ್ಬ ಎಂದೂ ಹೆಸರು. ಕುರಲ್ ಎಂದರೆ ತೆನೆ. ಹಬ್ಬಕ್ಕೆ ಒಂಬತ್ತು ದಿನ ಮುಂಚಿತವಾಗಿ ನೊವೇನಾ ಆರಂಭವಾಗುತ್ತದೆ. ಮಕ್ಕಳು ಅಂಗಳದಲ್ಲಿ, ಬೇಲಿ ಬದಿಯಲ್ಲಿ ಸಿಕ್ಕ ಹೂಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಚರ್ಚಿಗೆ ಬಂದು, ಹಾಡುತ್ತಾ ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ತೆನೆಯನ್ನು ಮೆರವಣಿಗೆಯಲ್ಲಿ ತಂದು ದೇವರ ಪೀಠಕ್ಕೆ ಅರ್ಪಿಸಿ ಬಲಿಪೂಜೆ ನಡೆಯುತ್ತದೆ. ಅನಂತರ ಪ್ರತಿ ಕುಟುಂಬಕ್ಕೂ ಕೆಲವು ತೆನೆ, ಮಕ್ಕಳ ಕೈಗೆ ಕಬ್ಬಿನ ತುಂಡು.

ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದೆ ಇಟ್ಟು ಎಲ್ಲರೂ ಪ್ರಾರ್ಥಿಸುತ್ತಾರೆ. ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸುತ್ತಾರೆ. ಮನೆಯ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಬಡಿಸುತ್ತಾರೆ. ಇದಕ್ಕೆ ನೊವೆಂ, ಅಂದರೆ ಹೊಸತು, ಎಂದು ಹೆಸರು. ಆಮೇಲೆ ಬಾಳೆ ಎಲೆಯ ಊಟ. ಮೀನಿಲ್ಲದೆ ಅನ್ನ ಇಳಿಯದ ಕರಾವಳಿಯಲ್ಲಿ ಆ ಒಂದು ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ಕೆಸುವು, ಹರಿವೆ, ಹೀರೆ, ಬೆಂಡೆ, ಹಾಗಲ ಎಂದು ಹಿತ್ತಿಲಿನ ತರಕಾರಿಗಳದೇ ಪದಾರ್ಥ. ಅದೂ ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ. ಬೇರೆ ಬೇರೆ ಸಂಸಾರ ಹೂಡಿದ ಅಣ್ಣ ತಮ್ಮಂದಿರು ಆ ದಿನ ಮೂಲ ಮನೆಗೆ ಬಂದು ಒಂದೇ ಪಂಕ್ತಿಯಲ್ಲಿ ಕೂರಬೇಕೆಂಬುದು ಹಿರಿಯರ ಆಸೆ. ಬರಲಾಗದ ಮಕ್ಕಳಿಗೆ ಆಶೀರ್ವಾದ ಪಡೆದ ನಾಲ್ಕು ಕಾಳುಗಳನ್ನು ಕಾಗದದ ಜೊತೆ ಲಕೋಟೆಯಲ್ಲಿಟ್ಟು ಮುಂಬಯಿಗೆ, ಕುವೈತಿಗೆ ಅಂಚೆಯಲ್ಲಿ ಕಳುಹಿಸುವ ವಾಡಿಕೆಯನ್ನು ಅನೇಕ ತಾಯಂದಿರು ಪಾಲಿಸಿಕೊಂಡು ಬಂದಿದ್ದಾರೆ.

ನಾಲ್ಕು ಕಾಳು ಯಾರ ಹೊಟ್ಟೆಯನ್ನು ತುಂಬಿಸುತ್ತದೆ? ಆದರೂ ಆ ಲಕೋಟೆ ತೆರೆದವನಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಇಲ್ಲಿ ಇಲ್ಲದಿದ್ದರೂ ನಿನ್ನ ಪಾಲು ಇಲ್ಲಿದೆ ಎಂದು ಆ ಕಾಳು ಹೇಳುತ್ತದೆ.

ಈ ಹಬ್ಬ ಎಲ್ಲಿಂದ ಬಂತು?

ಮರಿಯಮ್ಮನವರ ಜನನದ ವೃತ್ತಾಂತ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅವರ ತಂದೆತಾಯಿ ಜೋಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ಪುರಾತನ ಕ್ರೈಸ್ತ ಪರಂಪರೆಯಿಂದ ಬಂದವು. ಜೆರುಸಲೇಮಿನಲ್ಲಿ ಆರಂಭವಾದ ಈ ಹಬ್ಬ ಏಳನೆಯ ಶತಮಾನದ ಹೊತ್ತಿಗೆ ರೋಮಿಗೆ ಬಂತು. ಸಿರಿಯಾ ಮೂಲದ ಪೋಪ್ ಒಂದನೆಯ ಸೆರ್ಜಿಯುಸ್ ಈ ದಿನ ಮೆರವಣಿಗೆ ನಡೆಸುವಂತೆ ಏರ್ಪಾಡು ಮಾಡಿದರು.

ಅದೇ ಹಬ್ಬ ಒಂದೊಂದು ನೆಲದಲ್ಲಿ ಒಂದೊಂದು ರೂಪ ತಾಳಿದೆ. ಅದೇ ದಿನ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಕಾವಿ ಬಟ್ಟೆ ತೊಟ್ಟ ಭಕ್ತರ ನಡುವೆ ತೇರು ಸಾಗುತ್ತದೆ. ತಮಿಳುನಾಡಿನ ವೇಲಾಂಕಣಿಗೆ ಸಮುದ್ರ ತೀರದುದ್ದಕ್ಕೂ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಮುಂಬಯಿಯ ಬಾಂದ್ರಾದಲ್ಲಿ ಒಂದು ವಾರ ಜಾತ್ರೆ ನಡೆಯುತ್ತದೆ. ಕರಾವಳಿಯಲ್ಲಿ ಈ ಹಬ್ಬ ಭತ್ತದ ಗದ್ದೆಗೆ ಇಳಿಯಿತು. ಗೋವೆಯ ಹಲವು ಚರ್ಚುಗಳಲ್ಲಿ ಆಗಸ್ಟ್ ತಿಂಗಳಲ್ಲಿಯೇ ಹೊಸ ಕದಿರನ್ನು ಆಶೀರ್ವದಿಸುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಬಂದ ಕುಟುಂಬಗಳು ಆ ವಾಡಿಕೆಯನ್ನೂ ತಮ್ಮೊಂದಿಗೆ ತಂದವು. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನ ಬೆಟ್ಟ, ಎಂಬಲ್ಲಿ ಗೋವೆಯ ಗುರು ಜೋಕಿಮ್ ಮಿರಾಂದರವರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಮೊಂತಿ ಎಂಬ ಹೆಸರಿಗೂ ಆ ಬೆಟ್ಟವೇ ಮೂಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಹೊಸ ಅಕ್ಕಿಯನ್ನು ಗೌರವದಿಂದ ಉಣ್ಣುವುದು ಈ ನೆಲದ ಎಲ್ಲರ ಪದ್ಧತಿ. ತುಳುನಾಡಿನ ಹಿಂದೂ ಬಾಂಧವರು ತೆನೆಯನ್ನು ಮನೆ ತುಂಬಿಸಿಕೊಂಡು ಹೊಸ ಅಕ್ಕಿ ಊಟ ಮಾಡುತ್ತಾರೆ. ಕೊಡಗಿನಲ್ಲಿ ಹುತ್ತರಿಯ ರಾತ್ರಿ ಕದಿರು ಕೊಯ್ದು ತರುತ್ತಾರೆ. ನಮ್ಮ ಹಿರಿಯರು ನೆರೆಯವರಿಂದ ದೂರ ನಿಂತು ತಮ್ಮ ವಿಶ್ವಾಸವನ್ನು ಕಾಪಾಡಿಕೊಳ್ಳಲಿಲ್ಲ. ನೆರೆಯವರ ಕೃತಜ್ಞತೆಯ ಭಾಷೆಯನ್ನೇ ಬಳಸಿ ತಮ್ಮ ದೇವರಿಗೆ ವಂದನೆ ಹೇಳಿದರು.

ಮೋಶೆ ಹೇಳಿಕೊಟ್ಟ ವಿಧಿ

ಈಗ ನಿಮ್ಮ ಮನೆಯ ಪವಿತ್ರ ಬೈಬಲನ್ನು ತೆರೆದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಮೊದಲ ಹನ್ನೊಂದು ವಾಕ್ಯಗಳನ್ನು ಓದಿರಿ. ಇಸ್ರಯೇಲರು ವಾಗ್ದತ್ತ ನಾಡಿಗೆ ಹೋದ ಮೇಲೆ ತಮ್ಮ ಪ್ರಥಮ ಫಲವನ್ನು ಹೇಗೆ ಅರ್ಪಿಸಬೇಕೆಂದು ಮೋಶೆ ಅಲ್ಲಿ ಹೇಳಿಕೊಡುತ್ತಾರೆ. ಬೆಳೆದ ಬೆಳೆಯಲ್ಲಿ ಮೊದಲನೆಯದನ್ನು ಬುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತರಬೇಕು. ಆದರೆ ಬುಟ್ಟಿ ಕೊಟ್ಟು ಸುಮ್ಮನೆ ಹಿಂದಿರುಗುವ ಹಾಗಿಲ್ಲ. ಬಾಯಿಬಿಟ್ಟು ಒಂದು ಕಥೆ ಹೇಳಬೇಕು. ನನ್ನ ಮೂಲಪುರುಷ ನೆಲೆಯಿಲ್ಲದ ಅಲೆಮಾರಿಯಾಗಿದ್ದ, ಈಜಿಪ್ಟಿಗೆ ಹೋಗಿ ಪರದೇಶಿಯಾಗಿ ಬಾಳಿದ, ಅಲ್ಲಿ ನಮ್ಮನ್ನು ದಾಸರನ್ನಾಗಿ ಮಾಡಿದರು, ನಾವು ಮೊರೆಯಿಟ್ಟಾಗ ಸರ್ವೇಶ್ವರ ನಮ್ಮನ್ನು ಬಿಡಿಸಿ ಈ ನಾಡಿಗೆ ಕರೆತಂದರು, ಆದುದರಿಂದ ಈ ಬುಟ್ಟಿ ತಂದಿದ್ದೇನೆ ಎಂಬುದೇ ಆ ಕಥೆಯ ಸಾರಾಂಶ. ಕಥೆ ಮುಗಿದ ಮೇಲೆ ಹಬ್ಬದ ಸಂತೋಷ. ಆ ಸಂತೋಷದಲ್ಲಿ ಹೊಲವಿಲ್ಲದ ಲೇವಿಯನಿಗೂ, ಊರಿಗೆ ಬಂದು ನೆಲೆಸಿರುವ ಪರದೇಶಿಗೂ ಪಾಲು ಇರಬೇಕು.

ಇದನ್ನು ಹೇಳುವ ರೈತನನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವನು ಈಜಿಪ್ಟನ್ನು ಕಣ್ಣಿನಿಂದ ಕಂಡವನಲ್ಲ. ಅದು ತಲೆಮಾರುಗಳ ಹಿಂದಿನ ಮಾತು. ಆದರೂ ಅವನು 'ಅವರನ್ನು' ಎನ್ನದೆ 'ನಮ್ಮನ್ನು' ಎನ್ನಬೇಕು. ಆ ಒಂದು ಮಾತಿನಿಂದ ಅವನ ಪುಟ್ಟ ಬದುಕು ಒಂದು ದೊಡ್ಡ ಕಥೆಯೊಳಗೆ ಸೇರಿಕೊಳ್ಳುತ್ತದೆ. ಮೇಲೆ ಹೇಳಿದ ಜನ, ಪರಂಪರೆ, ನೆಲ ಮೂರೂ ಆ ಬುಟ್ಟಿಯಲ್ಲಿವೆ. ಒಂದೊಂದಾಗಿ ನೋಡೋಣ.

1. ಜನ: ಕೂಡಿ ಉಣ್ಣುವುದು

ನೊವೆಂ ಊಟವನ್ನು ಒಬ್ಬನೇ ಕುಳಿತು ಮಾಡುವುದಿಲ್ಲ. ಬಡಿಸುವವರು ಬೇಕು, ಪಕ್ಕದಲ್ಲಿ ಕೂರುವವರು ಬೇಕು. ಪಕ್ಕದಲ್ಲಿ ಕೂರುವವರು ಯಾವಾಗಲೂ ನಮಗೆ ಬೇಕಾದವರೇ ಆಗಿರುವುದಿಲ್ಲ. ಆಸ್ತಿ ಪಾಲಾದಾಗ ಅಣ್ಣನಿಗೆ ತೆಂಗಿನ ತೋಟ ಬಂತು, ತಮ್ಮನಿಗೆ ಬೋಳು ಗುಡ್ಡ ಬಂತು ಎಂಬ ಸಿಟ್ಟು ಇಪ್ಪತ್ತು ವರ್ಷವಾದರೂ ಆರದ ಮನೆಗಳಿವೆ. ಒಂದೇ ಚರ್ಚಿನಲ್ಲಿ ಬಲಿಪೂಜೆಗೆ ಬಂದು, ಒಬ್ಬರು ಎಡ ಬಾಗಿಲಿನಿಂದ, ಇನ್ನೊಬ್ಬರು ಬಲ ಬಾಗಿಲಿನಿಂದ ಹೊರಟುಹೋಗುವ ಸಹೋದರರಿದ್ದಾರೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಯೇಸುಸ್ವಾಮಿ ಹೇಳಿದ್ದನ್ನು (ಮತ್ತಾಯ 5:23-24) ಇವರೂ ಕೇಳಿದವರೇ. ತೆನೆ ಹಬ್ಬ ಆ ಮಾತಿಗೆ ದಿನಾಂಕವನ್ನು ನಿಗದಿ ಮಾಡುತ್ತದೆ. ಮುಂದೊಂದು ದಿನ ರಾಜಿಯಾಗೋಣ ಎನ್ನುವವನಿಗೆ, ಸೆಪ್ಟೆಂಬರ್ 8ರಂದು ಮಧ್ಯಾಹ್ನ ಮೂಲ ಮನೆಗೆ ಬಾ ಎನ್ನುತ್ತದೆ.

ಕೊರಿಂಥದ ಕ್ರೈಸ್ತರಿಗೆ ಸಂತ ಪೌಲರು ಬರೆದ ಮೊದಲ ಪತ್ರದ 11ನೆಯ ಅಧ್ಯಾಯವನ್ನೂ ನೆನಪಿಸಿಕೊಳ್ಳಿರಿ. ಅಲ್ಲಿ ಅನುಕೂಲಸ್ಥರು ಬೇಗ ಬಂದು ಉಂಡು ಮುಗಿಸುತ್ತಿದ್ದರು, ಬಡವರು ಹಸಿದೇ ಕೂರುತ್ತಿದ್ದರು. ಪೌಲರು ಅವರನ್ನು ಕಟುವಾಗಿ ಗದರಿಸುತ್ತಾರೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯದ ಊಟ ಪ್ರಭುವಿನ ಭೋಜನ ಆಗಲಾರದು ಎಂಬುದೇ ಅವರ ವಾದ. ಸಮುದಾಯ ಎಂದರೆ ಒಂದೇ ರೀತಿಯವರ ಗುಂಪು ಎಂದು ನಾವು ತಿಳಿಯುತ್ತೇವೆ. ಪೌಲರ ದೃಷ್ಟಿಯಲ್ಲಿ, ತಡವಾಗಿ ಬರುವವನಿಗಾಗಿ ಕಾಯಲು ಕಲಿತವರೇ ಸಮುದಾಯ. ಕಾಯುವ ಒಬ್ಬರಾದರೂ ಇದ್ದಾರೆ ಎಂದು ತಿಳಿದಿರುವ ಮನುಷ್ಯ "ನಾನು ಯಾರಿಗಾಗಿ ಇರಬೇಕು?" ಎಂದು ಕೇಳುವುದು ಅಪರೂಪ.

2. ಪರಂಪರೆ: ಪಡೆದು ಕೊಡುವುದು

ಅದೇ ಅಧ್ಯಾಯದಲ್ಲಿ ಪೌಲರು, ತಾವು ಪಡೆದುದನ್ನೇ ಕೊರಿಂಥದವರಿಗೆ ಒಪ್ಪಿಸಿದ್ದಾಗಿ ಹೇಳುತ್ತಾರೆ. ಧರ್ಮಸಭೆಯಲ್ಲಿ ಪರಂಪರೆ ಎಂಬ ಮಾತಿಗೆ ಇದೇ ಅರ್ಥ. ಲತೀನ್ ಭಾಷೆಯ ಮೂಲ ಪದಕ್ಕೂ ಕೈಗೆ ಒಪ್ಪಿಸುವುದು ಎಂದೇ ಅರ್ಥ. ಅಜ್ಜಿ ಸುಲಿದ ಕಾಳನ್ನು ಮೊಮ್ಮಗಳ ಅಂಗೈಯಲ್ಲಿ ಇಡುವಾಗ ಆಗುವುದೂ ಇದೇ. ಮಗುವಿಗೆ ಆಗ ಅದರ ತಾತ್ಪರ್ಯ ತಿಳಿಯದು. ಮೊದಲು ರುಚಿ ತಿಳಿಯುತ್ತದೆ, ಅರ್ಥ ಆಮೇಲೆ ಬರುತ್ತದೆ. ಪರಮಪ್ರಸಾದವೂ ಅನೇಕರಿಗೆ ಹೀಗೆಯೇ ಅರ್ಥವಾದದ್ದು. ಅರ್ಥವಾದ ಮೇಲೆಯೇ ಮಾಡುತ್ತೇನೆ ಎಂದು ಹಟ ಹಿಡಿಯುವ ನಮ್ಮ ಯುವಕರು ಇದನ್ನು ಸ್ವಲ್ಪ ಯೋಚಿಸಬೇಕು. ತಾಯಿಯ ಭಾಷೆಯನ್ನು ವ್ಯಾಕರಣ ಓದಿದ ಮೇಲೆ ಮಾತನಾಡಿದವರು ಯಾರಿದ್ದಾರೆ?

ಆದರೆ ಹಿರಿಯರಿಂದ ಬಂದದ್ದೆಲ್ಲವೂ ದೇವರಿಂದಲೇ ಬಂದದ್ದು ಎನ್ನುವಂತಿಲ್ಲ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ, ದೇವರ ಆಜ್ಞೆಯನ್ನು ಬದಿಗೊತ್ತಿ ಮನುಷ್ಯರ ಸಂಪ್ರದಾಯವನ್ನು ಹಿಡಿದುಕೊಂಡವರನ್ನು ಪ್ರಭು ಖಂಡಿಸುತ್ತಾರೆ. ನಮ್ಮಲ್ಲಿಯೂ ಅಂಥವು ಇವೆ. ದೀಕ್ಷಾಸ್ನಾನದ ನೀರು ಎಲ್ಲರಿಗೂ ಒಂದೇ. ಆದರೆ ಮಕ್ಕಳ ಮದುವೆಯ ಮಾತು ಬಂದಾಗ, ಅವರ ಹಿಂದಿನ ಜಾತಿ ಯಾವುದು ಎಂದು ಮೆಲುದನಿಯಲ್ಲಿ ವಿಚಾರಿಸುವವರು ಇಂದಿಗೂ ಇದ್ದಾರೆ. ಇದೂ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದದ್ದೇ. ಇದನ್ನು ನಮ್ಮ ಕೈಯಲ್ಲಿಯೇ ನಿಲ್ಲಿಸಿಬಿಡಬೇಕು. ಮುಂದಿನವರಿಗೆ ಒಪ್ಪಿಸಬಾರದು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಸರಳವಾದ ಪರೀಕ್ಷೆಯೊಂದು ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿದೆ. ಸುಗ್ಗಿಯ ಮೊದಲ ಸಿವುಡನ್ನು ಯಾಜಕನಿಗೆ ತಂದು ಒಪ್ಪಿಸಬೇಕೆಂದು ಅಲ್ಲಿ ಆಜ್ಞೆಯಿದೆ. ಅದೇ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ಬಳಿಕ, ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಉದುರಿದ ತೆನೆಯನ್ನು ಆಯಬೇಡಿ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂಬ ಆಜ್ಞೆಯೂ ಇದೆ. ಮೊದಲ ತೆನೆ ದೇವರಿಗೆ, ಅಂಚಿನ ತೆನೆ ಇಲ್ಲದವರಿಗೆ. ಈ ಎರಡೂ ಇರುವ ಸಂಪ್ರದಾಯ ಜೀವಂತ. ಮೊದಲನೆಯದನ್ನು ಮಾತ್ರ ವೈಭವದಿಂದ ನಡೆಸಿ ಎರಡನೆಯದನ್ನು ಮರೆತರೆ ಉಳಿಯುವುದು ಮೆರವಣಿಗೆ ಮಾತ್ರ.

ಹೊಲದ ಅಂಚಿನಿಂದ ಏನು ಬರುತ್ತದೆ ಎಂಬುದಕ್ಕೆ ಬೈಬಲಿನಲ್ಲಿಯೇ ಉದಾಹರಣೆಯಿದೆ. ಮೋವಾಬ್ ನಾಡಿನ ವಿಧವೆ ರೂತಳು ತನ್ನ ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದಳು. ಹೊಟ್ಟೆಪಾಡಿಗಾಗಿ ಬೋವಜನ ಹೊಲದಲ್ಲಿ ಉದುರಿದ ತೆನೆಗಳನ್ನು ಆಯ್ದಳು. ಬೋವಜ ಹಿರಿಯರ ಧರ್ಮವನ್ನು ಪಾಲಿಸುವವನಾಗಿದ್ದ. ಆಳುಗಳು ಅವಳನ್ನು ಗದರದಂತೆ ನೋಡಿಕೊಂಡ. ಕೊನೆಗೆ ಅವಳನ್ನು ವಿವಾಹವಾದ. ಅವರ ಮಗ ಓಬೇದ, ಓಬೇದನ ಮೊಮ್ಮಗ ದಾವೀದ ಅರಸ. ಸೆಪ್ಟೆಂಬರ್ 8ರ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಯಾವುದೆಂದು ಗಮನಿಸಿದ್ದೀರಾ? ಮತ್ತಾಯನ ಮೊದಲ ಅಧ್ಯಾಯದ ಆ ಉದ್ದನೆಯ ವಂಶಾವಳಿ. ಹೆಸರುಗಳ ಪಟ್ಟಿ ಕೇಳಿ ಅನೇಕರು ಆಕಳಿಸುತ್ತಾರೆ. ಆದರೆ ಆ ಪಟ್ಟಿಯ ನಡುವೆ ರೂತಳ ಹೆಸರಿದೆ. ಕೈಯಲ್ಲಿ ತೆನೆ ಹಿಡಿದು ನಾವು ಕೇಳುವ ಆ ವಂಶಾವಳಿಯಲ್ಲಿ, ಹೊಲದ ಅಂಚಿನಲ್ಲಿ ತೆನೆ ಆಯ್ದ ಪರದೇಶದ ಹೆಣ್ಣುಮಗಳು ನಮ್ಮ ಪ್ರಭುವಿನ ಪೂರ್ವಜಳಾಗಿ ನಿಂತಿದ್ದಾಳೆ.

3. ನೆಲ: ಬೇರು ಬಿಡುವುದು

ದೇವರ ಪುತ್ರ ಎಲ್ಲೋ ಆಕಾಶದಲ್ಲಿ ಮನುಷ್ಯನಾಗಲಿಲ್ಲ. ನಜರೇತೆಂಬ ಒಂದು ಸಣ್ಣ ಊರಿನಲ್ಲಿ, ಅಲ್ಲಿಯ ಮಾತಿನ ಧಾಟಿಯಲ್ಲಿ, ಅಲ್ಲಿಯ ಬಡಗಿ ಕೆಲಸದಲ್ಲಿ ಬೆಳೆದರು. ಬೀಜ, ಅಂಜೂರ, ದ್ರಾಕ್ಷಿತೋಟ, ಬಲೆ ಎಂದು ಅವರ ಸಾಮತಿಗಳೆಲ್ಲ ಆ ನೆಲದಿಂದಲೇ ಬಂದವು. ದೇವರೊಂದಿಗಿನ ನಮ್ಮ ಸ್ನೇಹದ ಇತಿಹಾಸ ಯಾವಾಗಲೂ ಕೆಲವು ನಿರ್ದಿಷ್ಟ ಜಾಗಗಳಿಗೆ ಅಂಟಿಕೊಂಡಿರುತ್ತದೆ ಎಂಬ ವಿಚಾರವನ್ನು ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಮುಂದಿಟ್ಟರು. ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ 1943ರಲ್ಲಿ, ಯುದ್ಧದ ನಡುವೆ, ಇದೇ ವಿಷಯದ ಮೇಲೆ ಬರೆದರು. ಅದೇ ವರ್ಷ ತೀರಿಕೊಂಡರು; ಪುಸ್ತಕ 1949ರಲ್ಲಿ ಹೊರಬಂತು. ಬೇರು ಬಿಡುವುದು ಮನುಷ್ಯನ ಆತ್ಮಕ್ಕೆ ಅನ್ನದಷ್ಟೇ ಅಗತ್ಯ, ಆದರೆ ಆ ಹಸಿವನ್ನು ನಾವು ಗುರುತಿಸುವುದೇ ಕಡಿಮೆ ಎಂಬುದು ಅವರ ಚಿಂತನೆಯ ತಿರುಳು.

ಆದರೆ ಇಂದು ನೆಲ ಎಲ್ಲಿದೆ ಎಂದು ನೀವು ಕೇಳಬಹುದು. 1974ರ ಭೂಸುಧಾರಣೆಯ ಕಾನೂನಿನಿಂದ ಕರಾವಳಿಯ ಅನೇಕ ಗೇಣಿದಾರ ಕುಟುಂಬಗಳು ತಾವು ಉಳುತ್ತಿದ್ದ ಗದ್ದೆಯ ಒಡೆಯರಾದವು. ಆ ಗದ್ದೆಗಳಲ್ಲಿ ಎಷ್ಟೋ ಇಂದು ಅಡಿಕೆ ತೋಟವಾಗಿವೆ, ರಬ್ಬರ್ ತೋಟವಾಗಿವೆ, ಮನೆ ನಿವೇಶನಗಳಾಗಿವೆ. ಕೆಲವು ಧರ್ಮಕೇಂದ್ರಗಳಲ್ಲಿ ಹಬ್ಬಕ್ಕೆ ಬೇಕಾದ ತೆನೆಗಾಗಿ ಊರೂರು ವಿಚಾರಿಸಬೇಕಾಗಿದೆ. ಮಕ್ಕಳು ಬೆಂಗಳೂರಿನ ಫ್ಲ್ಯಾಟುಗಳಲ್ಲಿ, ದುಬಾಯಿಯಲ್ಲಿ, ಕೆನಡಾದಲ್ಲಿ ಇದ್ದಾರೆ. ನೆಲವೇ ಇಲ್ಲದ ಮೇಲೆ ತೆನೆ ಹಬ್ಬಕ್ಕೆ ಅರ್ಥವಿದೆಯೇ?

ನೆಲ ಕಳೆದುಕೊಂಡವರ ಸಾಕ್ಷ್ಯ

ಈ ಪ್ರಶ್ನೆಗೆ ಉತ್ತರ ಈ ಹಬ್ಬವನ್ನು ಉಳಿಸಿಕೊಂಡು ಬಂದ ಜನರ ಚರಿತ್ರೆಯಲ್ಲಿಯೇ ಇದೆ. ಅವರೇ ವಲಸೆ ಬಂದವರು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಬರಗಾಲ, ಯುದ್ಧ, ಗೋವೆಯ ಧರ್ಮವಿಚಾರಣೆಯ ಭಯ ಮುಂತಾದ ಕಾರಣಗಳಿಂದ ಗೋವೆಯನ್ನು ಬಿಟ್ಟು ಕನ್ನಡ ಜಿಲ್ಲೆಗೆ ಬಂದರು. ಕೃಷಿ ಬಲ್ಲವರೆಂದು ಕೆಳದಿಯ ನಾಯಕರು ಅವರಿಗೆ ನೆಲೆ ಕೊಟ್ಟರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ಅರಸ ದೊಡ್ಡವೀರರಾಜೇಂದ್ರನು ವೀರಾಜಪೇಟೆಯಲ್ಲಿ ಆಶ್ರಯ ಕೊಟ್ಟನು. ಅಲ್ಲಿಯ ಚರ್ಚ್ ಮರಿಯಮ್ಮನ ತಾಯಿ ಸಂತ ಅನ್ನಮ್ಮನವರ ಹೆಸರಿನಲ್ಲಿದೆ. 1799ರ ಬಳಿಕ ಬಿಡುಗಡೆಯಾಗಿ ಉಳಿದವರು ಕರಾವಳಿಗೆ ಮರಳಿ, ಪಾಳು ಬಿದ್ದ ಗದ್ದೆಗಳನ್ನು ಮತ್ತೆ ಉತ್ತರು. ಹಳೆಯ ವೈರವನ್ನು ಕೆದಕುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಹೊಸ ಅಕ್ಕಿಯ ಮುಂದೆ ನಿಂತು, ನಮ್ಮ ಮೂಲಪುರುಷ ಅಲೆಮಾರಿಯಾಗಿದ್ದ ಎಂದು ಹೇಳುವ ಹಕ್ಕು ಇವರಿಗೂ ಇದೆ ಎಂದು ತೋರಿಸಲು ಹೇಳಿದೆ. ಇವರಿಗೆ ಈ ನೆಲ ದಾನವಾಗಿ ಬಂತು, ಕಳೆದುಹೋಯಿತು, ಮತ್ತೆ ದಾನವಾಗಿ ಬಂತು. ದಾನವೆಂದು ತಿಳಿದವನು ನೆಲಕ್ಕೆ ಬೇಲಿ ಹಾಕಿ ಹೊಸಬರನ್ನು ಓಡಿಸಲಾರ.

ಬಯಲುಸೀಮೆಯಲ್ಲಿಯೂ ಇಂಥ ಒಂದು ಕಥೆಯಿದೆ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಜಪಸರ ಮಾತೆಯ ಹೆಸರಿನಲ್ಲಿ ಭವ್ಯ ದೇವಾಲಯ ಕಟ್ಟಿಸಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಹಿನ್ನೀರಿನ ಪಾಲಾಯಿತು, ಜನ ಎದ್ದು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ನೀರು ಏರಿದಾಗ ದೇವಾಲಯ ಅರೆ ಮುಳುಗುತ್ತದೆ, ಬೇಸಗೆಯಲ್ಲಿ ಮತ್ತೆ ಕಾಣುತ್ತದೆ. ಛಾಯಾಚಿತ್ರ ತೆಗೆಯಲು ದೂರದೂರಿಂದ ಬರುವವರಿಗೆ ಅದು ಸುಂದರವಾದ ಪಾಳು ಕಟ್ಟಡ. ಆ ಊರಿನಿಂದ ಎದ್ದು ಬಂದವರಿಗೆ ಅದು ತಂದೆತಾಯಿಯರ ಮದುವೆ ನಡೆದ ಜಾಗ, ಅಜ್ಜ ಅಜ್ಜಿಯರ ಶವಪೆಟ್ಟಿಗೆ ಕೊನೆಯ ಬಾರಿ ಇಳಿಸಿದ ಜಾಗ. ಕಲ್ಲು ಒಂದೇ, ನೋಡುವ ಕಣ್ಣಿನ ಹಿಂದೆ ಕಥೆ ಇದ್ದವರಿಗೆ ಅದು ಊರು, ಇಲ್ಲದವರಿಗೆ ಬರೀ ಚಿತ್ರ. ಆ ಕಥೆಯನ್ನು ಮಕ್ಕಳಿಗೆ ಹೇಳುವವರು ಇರುವವರೆಗೆ ನೀರು ಆ ಊರನ್ನು ಪೂರ್ತಿಯಾಗಿ ಮುಳುಗಿಸಲಾರದು. ಹೇಳುವುದನ್ನು ನಿಲ್ಲಿಸಿದರೆ, ನೀರಿಲ್ಲದಿದ್ದರೂ ಊರು ಮುಳುಗುತ್ತದೆ.

ಬಾಬಿಲೋನಿಗೆ ಸೆರೆಹೋದ ಇಸ್ರಯೇಲರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವೂ (ಯೆರೆಮೀಯ 29) ಇದಕ್ಕೆ ಪೂರಕವಾಗಿದೆ. ಅಳುತ್ತಾ ಕೂರಬೇಡಿ, ಇದ್ದಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಅದರ ಫಲ ತಿನ್ನಿರಿ, ಆ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿರಿ ಎಂಬುದು ಪ್ರವಾದಿಯ ಸಲಹೆ. ಊರನ್ನು ನೆನೆಯುವುದು ಬೇರೆ, ಊರಿನ ಕೊರಗಿನಲ್ಲಿ ಇದ್ದ ಜಾಗವನ್ನೂ ಪ್ರೀತಿಸದೆ ಇರುವುದು ಬೇರೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಬಾಡಿಗೆಗಿದ್ದು, ಅಲ್ಲಿಯ ಧರ್ಮಕೇಂದ್ರದಲ್ಲಿ ಹೆಸರನ್ನೂ ನೋಂದಾಯಿಸದೆ, ಪಕ್ಕದ ಮನೆಯವರ ಹೆಸರನ್ನೂ ತಿಳಿಯದೆ ಇರುವವರು ಈ ಪತ್ರವನ್ನು ಓದಬೇಕು. ಬೇರು ಎಂದರೆ ಹಳೆಯ ಊರಿಗೆ ಕಟ್ಟಿದ ಹಗ್ಗವಲ್ಲ. ನೆಟ್ಟಲ್ಲಿ ಇಳಿಯುವುದು ಬೇರಿನ ಸ್ವಭಾವ.

ನಮ್ಮ ಮನೆಯಲ್ಲಿ ಏನು ಮಾಡಬಹುದು?

ಮುಂದಿನ ತೆನೆ ಹಬ್ಬಕ್ಕೆ, ಅಥವಾ ನಿಮ್ಮ ಊರಿನ ಯಾವುದೇ ಹಬ್ಬದ ಊಟಕ್ಕೆ, ಈ ಕೆಲವನ್ನು ಪ್ರಯತ್ನಿಸಿ ನೋಡಿರಿ.

ಒಂದು: ಬಡಿಸುವ ಮೊದಲು ಮನೆಯ ಹಿರಿಯರು ಐದು ನಿಮಿಷ ಕಥೆ ಹೇಳಲಿ. ನಮ್ಮವರು ಎಲ್ಲಿಂದ ಬಂದರು, ಯಾರು ನಮಗೆ ಆಶ್ರಯ ಕೊಟ್ಟರು, ಯಾವ ಕಷ್ಟದಲ್ಲಿ ದೇವರು ಕೈಹಿಡಿದರು ಎಂಬುದನ್ನು ಹೇಳಲಿ. ಅಜ್ಜ ಅಜ್ಜಿಯರ, ಅವರ ತಂದೆತಾಯಿಯರ ಹೆಸರುಗಳನ್ನು ಮಕ್ಕಳಿಂದ ಬರೆಸಿ ಕುಟುಂಬದ ಬೈಬಲಿನಲ್ಲಿ ಇಡಿರಿ. ಅದು ನಿಮ್ಮ ಮನೆಯ ವಂಶಾವಳಿ.

ಎರಡು: ಒಂದು ಎಲೆ ಹೆಚ್ಚಿಗೆ ಹಾಕಿರಿ. ಒಬ್ಬರೇ ಇರುವ ನೆರೆಯ ಮುದುಕರು, ಊರಿಗೆ ಹೋಗಲಾಗದ ಹಾಸ್ಟೆಲಿನ ವಿದ್ಯಾರ್ಥಿ, ಕಾಫಿ ತೋಟಕ್ಕೆ ಕೂಲಿಗೆಂದು ಅಸ್ಸಾಮಿನಿಂದ ಬಂದ ಕುಟುಂಬ, ಇವರಲ್ಲಿ ಯಾರಾದರೊಬ್ಬರನ್ನು ಕರೆಯಿರಿ. ಅದು ನಿಮ್ಮ ಹೊಲದ ಅಂಚು.

ಮೂರು: ಮಾತು ಬಿಟ್ಟಿರುವ ಸಂಬಂಧಿಕರಿಗೆ ಹಬ್ಬಕ್ಕೆ ಒಂದು ವಾರ ಮುಂಚೆ ನೀವೇ ಫೋನು ಮಾಡಿರಿ. ತಪ್ಪು ಯಾರದು ಎಂಬ ಲೆಕ್ಕ ಊಟ ಆದ ಮೇಲೆ ನೋಡಿಕೊಳ್ಳಬಹುದು.

ನಾಲ್ಕು: ಫ್ಲ್ಯಾಟಿನಲ್ಲಿ ಇರುವವರು ಮಳೆಗಾಲದ ಆರಂಭದಲ್ಲಿ ಮಕ್ಕಳ ಕೈಯಿಂದ ಒಂದು ಕುಂಡದಲ್ಲಿ ಒಂದು ಹಿಡಿ ಭತ್ತ ಬಿತ್ತಿಸಿರಿ. ನೀರು ಹಾಕಿ, ಮೊಳಕೆ ನೋಡಿ, ಹಕ್ಕಿ ಓಡಿಸಿ ಬೆಳೆಸಿದ ನಾಲ್ಕು ತೆನೆ, ಅಂಗಡಿಯಿಂದ ತಂದ ಒಂದು ಮೂಟೆ ಅಕ್ಕಿಗಿಂತ ಹೆಚ್ಚಿನದನ್ನು ಮಗುವಿಗೆ ಕಲಿಸುತ್ತದೆ.

ಐದು: ಈಗ ಇರುವ ಊರಿನ ಧರ್ಮಕೇಂದ್ರಕ್ಕೆ ಸೇರಿರಿ. ಕಿರು ಸಮುದಾಯದ ಕೂಟಕ್ಕೆ ವರ್ಷಕ್ಕೊಮ್ಮೆಯಾದರೂ ನಿಮ್ಮ ಮನೆಯ ಬಾಗಿಲು ತೆರೆಯಿರಿ.

ಕೊನೆಯದಾಗಿ ಒಂದು ಮಾತು. ಸಂತ ಪೌಲರು ಪುನರುತ್ಥಾನ ಹೊಂದಿದ ಕ್ರಿಸ್ತರನ್ನೇ ಪ್ರಥಮ ಫಲ ಎಂದು ಕರೆಯುತ್ತಾರೆ (1 ಕೊರಿಂಥ 15:20). ಮೊದಲ ತೆನೆ ಮಾಗಿದೆ ಎಂದರೆ ಇಡೀ ಗದ್ದೆ ಮಾಗಲಿದೆ ಎಂದು ರೈತ ನಂಬುತ್ತಾನೆ. ನಮ್ಮ ಬದುಕಿನ ಅರ್ಥಕ್ಕೂ ಕೊನೆಯ ಆಧಾರ ಇದೇ. ನಮ್ಮವರಲ್ಲಿ ಸತ್ತವರು, ದೂರದಲ್ಲಿರುವವರು, ಮುನಿಸಿಕೊಂಡವರು, ನೀರಿನಲ್ಲಿ ಮುಳುಗಿದ ಊರಿನವರು, ಎಲ್ಲರಿಗೂ ಎಲೆ ಹಾಕಿ ಕಾಯುತ್ತಿರುವ ತಂದೆಯೊಬ್ಬರಿದ್ದಾರೆ. ನಾವು ಇಲ್ಲಿ ಹಾಕುವ ಎಲೆ ಅದರ ಅಭ್ಯಾಸ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಯಾವ ಒಂದು ಪದ್ಧತಿ ಮಕ್ಕಳಿಗೂ ಮುಂದುವರಿಯಬೇಕು? ಯಾವುದು ನಮ್ಮಲ್ಲಿಯೇ ನಿಲ್ಲಬೇಕು?

2. ನಮ್ಮ ಊಟದ ಪಂಕ್ತಿಯಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಅವರು ಬರದಿರಲು ನಮ್ಮ ಕಡೆಯಿಂದ ಕಾರಣವಿದೆಯೇ?

3. ಈಗ ಇರುವ ಊರಿನ ಹಿತಕ್ಕಾಗಿ ನಮ್ಮ ಕುಟುಂಬ ಮಾಡುತ್ತಿರುವ ಒಂದು ಕೆಲಸವನ್ನು ಹೆಸರಿಸಬಲ್ಲೆವೇ?

ಪ್ರಾರ್ಥನೆ

ಪ್ರಭುವೇ, ನೆಲೆಯಿಲ್ಲದ ನಮಗೆ ನೆಲೆ ಕೊಟ್ಟಿರಿ, ಹಸಿದ ನಮಗೆ ಹೊಸ ಅಕ್ಕಿ ಕೊಟ್ಟಿರಿ. ಪಡೆದುದನ್ನು ಮರೆಯದಂತೆ, ಬಚ್ಚಿಡದಂತೆ, ಮುಂದಿನವರ ಕೈಗೆ ಸಂತೋಷದಿಂದ ಒಪ್ಪಿಸುವಂತೆ ನಮಗೆ ಕಲಿಸಿರಿ. ಮಾತೆ ಮರಿಯಮ್ಮನವರೇ, ನಮ್ಮಿಂದ ದೂರವಿರುವ ಮಕ್ಕಳಿಗಾಗಿ ಪ್ರಾರ್ಥಿಸಿರಿ. ಆಮೆನ್.